ನೆರೆಮನೆಯ ನಿದ್ದೆಗಾಗಿ ಹುಟ್ಟಿದ ನಾದ

ಮುಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಿಮ್ಮ ಧರ್ಮಕೇಂದ್ರದ ಗಾನವೃಂದದ ಬಳಿ ಒಂದು ನಿಮಿಷ ನಿಂತು, ಗಿಟಾರ್ ನುಡಿಸುವ ಯುವಕನ ಬಲಗೈಯನ್ನು ಗಮನಿಸಿ. ಎಡಗೈ ಬೆರಳುಗಳ ಓಡಾಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಬಲಗೈಯನ್ನು ನೋಡುವವರು ಕಡಿಮೆ. ಅವನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಎರಡು ರೂಪಾಯಿ ನಾಣ್ಯದಷ್ಟು ಅಗಲದ ಮುಮ್ಮೂಲೆಯ ಪ್ಲಾಸ್ಟಿಕ್ ತುಣುಕೊಂದು ಇರುತ್ತದೆ. ಅದಕ್ಕೆ ಪಿಕ್ ಎನ್ನುತ್ತಾರೆ. ಪೂಜೆಗೆ ಐದು ನಿಮಿಷವಿರುವಾಗ ಅದು ಕಳೆದುಹೋದರೆ ಗಾನವೃಂದದಲ್ಲಿ ಎಂಥ ಗಡಿಬಿಡಿಯಾಗುತ್ತದೆ ಎಂಬುದನ್ನು ಗುರುಗಳಾದ ನಾವೆಲ್ಲರೂ ಬಲ್ಲೆವು.

ಆ ಪಿಕ್ಕನ್ನು ತಾವಾಗಿಯೇ ಬದಿಗಿಟ್ಟ ಒಬ್ಬ ಗೃಹಸ್ಥರ ಜೀವನವನ್ನು ಈ ವಾರ ನಿಮಗೆ ಹೇಳಬೇಕೆಂದಿದ್ದೇನೆ. ಅವರ ಹೆಸರು ವೆಸ್ ಮಾಂಟ್‌ಗೊಮರಿ. ಅಮೆರಿಕದ ಜಾಝ್ ಗಿಟಾರ್ ವಾದಕರು. ಅವರು ಸಂತರಲ್ಲ, ಧರ್ಮಪ್ರಚಾರಕರೂ ಅಲ್ಲ. ಸಿಗರೇಟಿನ ಹೊಗೆ ತುಂಬಿದ ಕ್ಲಬ್ಬುಗಳಲ್ಲಿ ನಡುರಾತ್ರಿಯವರೆಗೆ ನುಡಿಸಿದವರು. ಕುಟುಂಬದ ಪುಟದಲ್ಲಿ ಇಂಥವರಿಗೇನು ಕೆಲಸ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿ.

ಜಾಝ್ ಎಂಬುದು ಅಮೆರಿಕದ ಕಪ್ಪು ಜನರ ನಡುವೆ 20ನೆಯ ಶತಮಾನದ ಆರಂಭದಲ್ಲಿ ಬೆಳೆದ ಸಂಗೀತ. ನಮ್ಮ ಸಂಗೀತದವರು ಮನೋಧರ್ಮ ಎನ್ನುತ್ತಾರಲ್ಲ, ಒಂದು ರಾಗವನ್ನೋ ಪಲ್ಲವಿಯನ್ನೋ ಹಿಡಿದು ಆ ಕ್ಷಣದಲ್ಲೇ ಹೊಸದಾಗಿ ಬೆಳೆಸುತ್ತಾ ಹೋಗುವುದು, ಹೆಚ್ಚುಕಡಿಮೆ ಅದೇ ಜಾಝಿನ ಜೀವಾಳ. ಬರೆದಿಟ್ಟದ್ದನ್ನು ಓದಿ ನುಡಿಸುವುದು ಅಲ್ಲಿ ಸಾಲದು.

ಮಾಂಟ್‌ಗೊಮರಿಯವರು 1923ರ ಮಾರ್ಚ್ 6ರಂದು ಇಂಡಿಯಾನ ರಾಜ್ಯದ ಇಂಡಿಯಾನಾಪೊಲಿಸ್ ನಗರದಲ್ಲಿ ಹುಟ್ಟಿದರು. ಪೂರ್ಣ ಹೆಸರು ಜಾನ್ ಲೆಸ್ಲಿ. ಲೆಸ್ಲಿ ಎಂಬುದು ಬಾಯಲ್ಲಿ ಸವೆದು ವೆಸ್ ಆಯಿತು. ತಂದೆತಾಯಿಗಳು ಬೇರ್ಪಟ್ಟರು. ಗಂಡುಮಕ್ಕಳು ತಂದೆಯ ಜೊತೆ ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ಕೆಲವು ವರ್ಷ ಬೆಳೆದರು. ಒಡೆದ ಮನೆಯ ಮಕ್ಕಳೆಲ್ಲ ದಾರಿ ತಪ್ಪುತ್ತಾರೆಂದು ನಮ್ಮಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ. ಈ ಅಣ್ಣತಮ್ಮಂದಿರ ವಿಷಯದಲ್ಲಿ ಹಾಗಾಗಲಿಲ್ಲ. ವೆಸ್ ಅವರಿಗೆ ಹನ್ನೆರಡು ವರ್ಷವಿರಬೇಕಾದರೆ ಅಣ್ಣ ಮಂಕ್ ಅವರಿಗೊಂದು ನಾಲ್ಕು ತಂತಿಯ ಗಿಟಾರ್ ಕೊಡಿಸಿದರು. ಮಂಕ್ ಮುಂದೆ ಎಲೆಕ್ಟ್ರಿಕ್ ಬಾಸ್ ಎಂಬ ವಾದ್ಯವನ್ನು ಜಾಝಿಗೆ ತಂದ ಮೊದಲಿಗರಲ್ಲಿ ಒಬ್ಬರಾದರು. ತಮ್ಮ ಬಡ್ಡಿ ಪಿಯಾನೋ ಮತ್ತು ವೈಬ್ರಫೋನ್ ವಾದಕರಾದರು. ಸಂಗೀತಶಾಲೆಯ ಮೆಟ್ಟಿಲು ಹತ್ತದ ವೆಸ್, ಸ್ವರಲಿಪಿ ಓದಲು ಕಡೆಯವರೆಗೂ ಕಲಿಯಲಿಲ್ಲ.

ಹದಿಹರೆಯದಲ್ಲಿ ಇಂಡಿಯಾನಾಪೊಲಿಸ್‌ಗೆ ಮರಳಿದರು. 1943ರಲ್ಲಿ ಸೆರೀನ್ ಎಂಬುವರನ್ನು ಮದುವೆಯಾದರು. ಆ ಸುಮಾರಿನಲ್ಲೇ ಒಂದು ಗ್ರಾಮಫೋನ್ ತಟ್ಟೆ ಅವರ ಬಾಳನ್ನು ತಿರುಗಿಸಿತು. ಅದು ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣ 1941ರಲ್ಲಿ ಬೆನ್ನಿ ಗುಡ್‌ಮನ್ನರ ವಾದ್ಯವೃಂದದೊಡನೆ ನುಡಿಸಿದ ಸೋಲೋ ಫ್ಲೈಟ್. ಕ್ರಿಶ್ಚಿಯನ್ 1942ರ ಮಾರ್ಚ್‌ನಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಅವರಿಗೆ ಇಪ್ಪತ್ತೈದೇ ವರ್ಷ. ಆ ತಟ್ಟೆಯನ್ನು ಕೇಳಿದ ವೆಸ್ ಆರು ತಂತಿಯ ಎಲೆಕ್ಟ್ರಿಕ್ ಗಿಟಾರನ್ನೂ ಅದಕ್ಕೊಂದು ಧ್ವನಿವರ್ಧಕವನ್ನೂ ಕೊಂಡು ತಂದು, ಕ್ರಿಶ್ಚಿಯನ್ ನುಡಿಸಿದ್ದನ್ನೆಲ್ಲ ಕಿವಿಯಿಂದಲೇ ಒಂದೊಂದು ಸ್ವರವಾಗಿ ಕಲಿಯತೊಡಗಿದರು. ಹೊಸದಾಗಿ ಸಂಸಾರ ಹೂಡಿದವನಿಗೆ ಅದು ಸಣ್ಣ ಖರ್ಚಲ್ಲ. ಸೆರೀನ್ ಏನೆಂದುಕೊಂಡಿರಬೇಕೆಂದು ನಮ್ಮ ಓದುಗರಲ್ಲಿ ಹೆಣ್ಣುಮಕ್ಕಳೇ ಊಹಿಸಬಲ್ಲರು!

ಇಲ್ಲಿ ತೊಂದರೆ ಶುರುವಾಯಿತು. ಹಗಲು ಅವರು ವೆಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಅಭ್ಯಾಸಕ್ಕೆ ಸಿಗುತ್ತಿದ್ದುದು ರಾತ್ರಿ ಮಾತ್ರ. ಗಟ್ಟಿ ಪಿಕ್ಕಿನಿಂದ ಮೀಟಿದ ತಂತಿಯ ಸದ್ದು ಧ್ವನಿವರ್ಧಕದ ಮೂಲಕ ಗೋಡೆ ದಾಟಿ ಹೋಗುತ್ತಿತ್ತು. ಅಕ್ಕಪಕ್ಕದವರು ದೂರಿದರೆಂದು ಕೆಲವರು ಹೇಳುತ್ತಾರೆ. ಹೆಂಡತಿಯೇ ಸದ್ದು ತಗ್ಗಿಸಲು ಕೇಳಿಕೊಂಡರೆಂದು ಇನ್ನು ಕೆಲವರು. ಎರಡೂ ನಿಜವಿರಬಹುದು, ಸಂಸಾರಸ್ಥರಿಗೆ ಗೊತ್ತಿರುವಂತೆ ಇಂಥ ದೂರುಗಳು ಒಂಟಿಯಾಗಿ ಬರುವುದಿಲ್ಲ.

ಅವರ ಸ್ಥಾನದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? ನನ್ನ ಮನೆ, ನನ್ನ ವಾದ್ಯ ಎಂದು ವಾದಿಸಬಹುದಿತ್ತು. ಮುನಿಸಿಕೊಂಡು ಗಿಟಾರನ್ನು ಮೂಲೆಗೊರಗಿಸಬಹುದಿತ್ತು. ವೆಸ್ ಎರಡನ್ನೂ ಮಾಡಲಿಲ್ಲ. ವಾದ್ಯವನ್ನು ಹಿಂದಿನ ಕೋಣೆಗೆ ಒಯ್ದರು, ಪಿಕ್ಕನ್ನು ಕೆಳಗಿಟ್ಟರು, ಹೆಬ್ಬೆರಳಿನ ಮಾಂಸಲ ಭಾಗದಿಂದ ತಂತಿಯನ್ನು ಮೆಲ್ಲಗೆ ಮೀಟಿದರು. ಸದ್ದು ಕಡಿಮೆಯಾಯಿತು. ಜೊತೆಗೆ ಅವರು ಎಣಿಸದಿದ್ದ ಇನ್ನೊಂದು ಸಂಗತಿ ನಡೆಯಿತು: ನಾದವೇ ಬದಲಾಯಿತು. (ನಮ್ಮ ಧರ್ಮಕೇಂದ್ರಗಳ ವಾರ್ಷಿಕ ಹಬ್ಬದ ರಾತ್ರಿಗಳಲ್ಲಿ ಕಟ್ಟುವ ಧ್ವನಿವರ್ಧಕಗಳ ವಿಷಯವನ್ನು ನಾನು ಇಲ್ಲಿ ಎತ್ತುವುದಿಲ್ಲ.)

ಯಾಕೆ ಬದಲಾಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ತಂತಿಯೊಂದನ್ನು ಮೀಟಿದಾಗ ಹೊರಡುವುದು ಒಂದೇ ಸ್ವರವೆಂದು ನಮಗೆ ತೋರುತ್ತದೆ. ವಾಸ್ತವವಾಗಿ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಕಂಪನಗಳೂ ಸೇರಿ ಹೊರಡುತ್ತವೆ. ಇವೇ ಉಪಸ್ವರಗಳು, ತಂಬೂರಿಯ ಮುಂದೆ ಕಣ್ಣುಮುಚ್ಚಿ ಕುಳಿತವರಿಗೆ ಇವುಗಳ ಪರಿಚಯವಿರುತ್ತದೆ. ಮೇಲಿನ ಉಪಸ್ವರಗಳು ಹೆಚ್ಚಾಗಿದ್ದರೆ ನಾದ ಹೊಳಪಾಗಿ, ಹರಿತವಾಗಿ ಕೇಳುತ್ತದೆ. ಅವು ಕಡಿಮೆಯಾಗಿ ಮೂಲಸ್ವರ ಮುಂದೆ ಬಂದರೆ ನಾದ ದುಂಡಗೆ, ಬೆಚ್ಚಗೆ ಇರುತ್ತದೆ. ಗಟ್ಟಿಯಾದ ಪಿಕ್ಕಿನ ತುದಿ ತಂತಿಯನ್ನು ಒಂದೇ ಬಿಂದುವಿನಲ್ಲಿ ಚೂಪಾಗಿ ಬಗ್ಗಿಸಿ ಥಟ್ಟನೆ ಬಿಟ್ಟುಬಿಡುತ್ತದೆ. ಆ ಚೂಪು ಬಾಗಿನಿಂದಲೇ ಮೇಲಿನ ಉಪಸ್ವರಗಳು ಧಾರಾಳವಾಗಿ ಏಳುತ್ತವೆ. ಹೆಬ್ಬೆರಳಿನ ಮಾಂಸವಾದರೋ ಅಗಲ, ಮೃದು. ತಂತಿ ಅದರ ಮೇಲೆ ದುಂಡಗೆ ಬಾಗುತ್ತದೆ, ಬಿಡುವಾಗಲೂ ಜಾರಿ ಬಿಡುತ್ತದೆ. ಹರಿತವಾದ ಉಪಸ್ವರಗಳು ಹುಟ್ಟುವ ಮೊದಲೇ ಅಡಗಿಹೋಗುತ್ತವೆ. ತಂಬೂರಿಯನ್ನು ಉಗುರಿನಿಂದ ಮೀಟದೆ ಬೆರಳಿನ ಮಾಂಸಲ ಭಾಗದಿಂದ ಮೀಟಬೇಕೆಂದು ಗುರುಗಳು ಹೇಳಿಕೊಡುವುದೂ ಇಂಥದೇ ಕಾರಣಕ್ಕೆ.

ಎಲ್ಲಿ ಮೀಟುತ್ತೇವೆ ಎಂಬುದೂ ಮುಖ್ಯ. ತಂತಿ ಕುಳಿತಿರುವ ಕುದುರೆಯ ಹತ್ತಿರ ಮೀಟಿದರೆ ಸದ್ದು ತೆಳುವಾಗಿ ಲೋಹದಂತೆ ಕೇಳುತ್ತದೆ. ಅಲ್ಲಿಂದ ದೂರ, ಗಿಟಾರಿನ ಕತ್ತಿನತ್ತ ಸರಿದಂತೆಲ್ಲ ತುಂಬಿಕೊಳ್ಳುತ್ತದೆ. ವೆಸ್ ಅವರ ಹೆಬ್ಬೆರಳು ಆ ಕತ್ತಿನ ಕಡೆಗೇ ಇರುತ್ತಿತ್ತು. ಉಳಿದ ಬೆರಳುಗಳನ್ನು ಅವರು ವಾದ್ಯದ ಮೈಮೇಲೆ ಹರಡಿ ಊರಿಕೊಂಡು, ಹೆಬ್ಬೆರಳನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತಿದ್ದರು. ಅವರ ತಂತಿಗಳು ದಪ್ಪನೆಯವು. ಮೇಲೆ ಸುತ್ತಿದ ಸರಿಗೆ ದುಂಡಗಿರದೆ ಚಪ್ಪಟೆಯಾಗಿತ್ತು, ಹಾಗಾಗಿ ಎಡಗೈ ಜಾರುವಾಗ ಕಿರುಗುಡುತ್ತಿರಲಿಲ್ಲ. ವರ್ಷಗಳು ಕಳೆದಂತೆ ಆ ಹೆಬ್ಬೆರಳಿನ ಮೇಲೆ ಒಂದು ಗಟ್ಟಿಯಾದ ಜಡ್ಡು ಕಟ್ಟಿತು. ಮೃದುವಾದ ಮಾಂಸದ ಜೊತೆ ಈ ಜಡ್ಡೂ ತಂತಿಗೆ ತಾಗುತ್ತಿದ್ದುದರಿಂದ, ದುಂಡುನಾದದ ಮೊದಲಿಗೆ ಒಂದು ಸಣ್ಣ ಸ್ಪಷ್ಟ ತುದಿಯೂ ಸಿಗುತ್ತಿತ್ತು. ಮಂಕಾಗಬಹುದಾಗಿದ್ದ ನಾದ ಹೀಗೆ ಮಾತಿನಷ್ಟು ಸ್ಪಷ್ಟವಾಯಿತು. ಜಡ್ಡು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ.

ಬಲಗೈಯ ಹಿಂದೆ ಪ್ರತಿಯೊಬ್ಬ ವಾದಕನ ಅನಿವಾರ್ಯವೂ ಇರುತ್ತದೆ. ಪ್ಯಾರಿಸಿನಲ್ಲಿ ಹೆಸರಾದ ಜಾಂಗೊ ರೈನ್‌ಹಾರ್ಟ್ (1910–1953) ವಿದ್ಯುತ್ತಿನ ಸಹಾಯವಿಲ್ಲದೆ ನೃತ್ಯಶಾಲೆಗಳ ಗದ್ದಲದ ನಡುವೆ ಕೇಳಿಸಬೇಕಾಗಿತ್ತು. ಅವರು ಗಟ್ಟಿ ಪಿಕ್ಕಿನಿಂದ ತಂತಿಯನ್ನು ಕೆಳಕ್ಕೆ ಬಲವಾಗಿ ಹೊಡೆದು, ಪಿಕ್ಕನ್ನು ಮುಂದಿನ ತಂತಿಯ ಮೇಲೆ ಊರುತ್ತಿದ್ದರು. ಅವರ ನಾದ ಮಿಂಚಿನಂತೆ. ಅವರಿಗೆ ಜೋರಾಗಬೇಕಿತ್ತು, ವೆಸ್ ಅವರಿಗೆ ಮೆತ್ತಗಾಗಬೇಕಿತ್ತು.

ಸೆಮಿನರಿಯಲ್ಲಿ ನಾವು ಓದಿದ ಸಂತ ತೋಮಸ್ ಅಕ್ವಿನಾಸರ ಒಂದು ವಿಚಾರ ನನಗೆ ಈ ಹೆಬ್ಬೆರಳನ್ನು ನೆನೆದಾಗಲೆಲ್ಲ ನೆನಪಾಗುತ್ತದೆ. ಸಾಧನಗಳಲ್ಲಿ ಎರಡು ಬಗೆ ಎಂದು ಅವರು ವಿಂಗಡಿಸುತ್ತಾರೆ: ಕೈಯಂತೆ ಮೈಗೆ ಕೂಡಿಕೊಂಡದ್ದು ಒಂದು, ಕೋಲಿನಂತೆ ಕೈಯಿಂದ ಬೇರೆಯಾದದ್ದು ಇನ್ನೊಂದು. ಕೋಲು ಚಲಿಸಬೇಕಾದರೆ ಮೊದಲು ಕೈ ಚಲಿಸಬೇಕು. ಸಂಸ್ಕಾರಗಳ ಕುರಿತು ಬರೆಯುವಾಗ ಅವರು ಇದನ್ನು ಹೇಳುತ್ತಾರೆ. ಯೇಸುಸ್ವಾಮಿಯ ಮನುಷ್ಯತ್ವ ದೈವತ್ವಕ್ಕೆ ಕೂಡಿಕೊಂಡ ಸಾಧನ, ಸಂಸ್ಕಾರಗಳು ಬೇರೆಯಾಗಿ ನಿಂತ ಸಾಧನಗಳು, ಕೃಪೆ ಹರಿಯುವುದು ದೈವತ್ವದಿಂದ ಆ ಮನುಷ್ಯತ್ವದ ಮೂಲಕ ಸಂಸ್ಕಾರಗಳಿಗೆ ಎಂಬುದು ಅವರ ವಿವರಣೆ. ಆ ಪಾಠ ಕೇಳುವಾಗ ನನಗೆ ಅದು ಒಣ ತರ್ಕವೆನಿಸಿತ್ತು. ಪಿಕ್ ಕೋಲಿನ ಜಾತಿಗೆ ಸೇರಿದ್ದು, ಹೆಬ್ಬೆರಳು ಮೈಗೆ ಸೇರಿದ್ದು ಎಂದು ಹೊಳೆದ ಮೇಲೆ ಆ ಪುಟಕ್ಕೆ ಜೀವ ಬಂತು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಸರಿಯಲ್ಲ. ಪಿಕ್ಕಿನಿಂದ ಅದ್ಭುತವಾಗಿ ನುಡಿಸಿದವರು ನೂರಾರು ಮಂದಿ ಇದ್ದಾರೆ.

ಹೆಬ್ಬೆರಳಿಗೆ ಒಂದು ಕೊರತೆಯಿತ್ತು. ಪಿಕ್ ಕೆಳಕ್ಕೂ ಮೇಲಕ್ಕೂ ಒಂದೇ ಸಲೀಸಾಗಿ ಹೊಡೆಯುತ್ತದೆ, ಅದರಿಂದ ವೇಗ ಬರುತ್ತದೆ. ಬಹುಮಟ್ಟಿಗೆ ಕೆಳಕ್ಕೆ ಮಾತ್ರ ಎಳೆಯುವ ಹೆಬ್ಬೆರಳಿಗೆ ಅದು ಕಷ್ಟ. ವೇಗ ಬೇಕಾದರೆ ಪಿಕ್ಕಿಗೆ ಮರಳಬೇಕು, ಆ ನಾದ ಬೇಕಾದರೆ ವೇಗಕ್ಕಾಗಿ ಬೆವರಬೇಕು. ವೆಸ್ ನಾದವನ್ನು ಆರಿಸಿಕೊಂಡರು. ವರ್ಷಗಟ್ಟಲೆ ಅಭ್ಯಾಸ ಮಾಡಿ, ಎರಡು ಕಡೆಯ ಪಿಕ್ಕಿನವರೂ ಬೆರಗಾಗುವಷ್ಟು ವೇಗವನ್ನು ಒಂದು ಕಡೆಯ ಹೆಬ್ಬೆರಳಿಗೆ ಕಲಿಸಿದರು.

ಇದರಿಂದಲೇ ಬೆಳೆದದ್ದು ಅವರ ಆಕ್ಟೇವ್ ವಾದನ. ಒಂದೇ ಸ್ವರವನ್ನು ಕೆಳಗಿನ ಸ್ಥಾಯಿಯಲ್ಲೂ ಮೇಲಿನ ಸ್ಥಾಯಿಯಲ್ಲೂ ಒಟ್ಟಿಗೆ ನುಡಿಸುವುದು. ನುಡಿಸುವ ಎರಡು ತಂತಿಗಳ ನಡುವಿನ ತಂತಿಯನ್ನು ಎಡಗೈ ಬೆರಳಿನಿಂದಲೇ ತಟಸ್ಥಗೊಳಿಸಿ, ಹೆಬ್ಬೆರಳನ್ನು ಒಟ್ಟಿಗೆ ಸವರಬೇಕು. ಗಂಡೂ ಹೆಣ್ಣೂ ಕೂಡಿ ಒಂದೇ ಕೀರ್ತನೆ ಹಾಡಿದಾಗ ಆಗುವ ತುಂಬುದನಿಯನ್ನು ನೆನೆಸಿಕೊಳ್ಳಿ. ಇದನ್ನು ಅಭ್ಯಾಸ ಮಾಡುವಾಗ ಅವರಿಗೆ ತಲೆನೋವು ಬರುತ್ತಿತ್ತಂತೆ. ವೇದಿಕೆಯಲ್ಲಿ ಅವರು ಮೊದಲು ಒಂಟಿ ಸ್ವರಗಳಲ್ಲಿ ಆರಂಭಿಸಿ, ಆಮೇಲೆ ಆಕ್ಟೇವ್‌ಗಳಿಗೆ ಏರಿ, ಕೊನೆಗೆ ನಾಲ್ಕಾರು ಸ್ವರಗಳ ಗುಚ್ಛಗಳಿಗೆ ಮುಟ್ಟುತ್ತಿದ್ದರು. ಹೆಬ್ಬೆರಳು ಒಂದೇ, ನಾದವೂ ಒಂದೇ, ಮನೆ ಮಾತ್ರ ಅಂತಸ್ತು ಅಂತಸ್ತಾಗಿ ಏಳುತ್ತಿತ್ತು.

1948ರಲ್ಲಿ ಲಯನೆಲ್ ಹ್ಯಾಂಪ್ಟನ್ನರ ಪ್ರಸಿದ್ಧ ವಾದ್ಯವೃಂದ ಅವರನ್ನು ಕರೆಯಿತು. ಊರೂರು ತಿರುಗಾಟ. ವಿಮಾನವೆಂದರೆ ವೆಸ್ ಅವರಿಗೆ ಭಯ. ಉಳಿದವರು ಹಾರಿಹೋದರೆ ಇವರು ಕಾರು ಓಡಿಸಿಕೊಂಡು ದೂರದೂರದ ಊರುಗಳನ್ನು ಮುಟ್ಟುತ್ತಿದ್ದರು. ಮದ್ಯ ಮುಟ್ಟುತ್ತಿರಲಿಲ್ಲ. ಮನೆಯ ಹಂಬಲ ಬಿಡಲಿಲ್ಲ. 1950ರಲ್ಲಿ ಆ ಕೆಲಸ ಬಿಟ್ಟು ಇಂಡಿಯಾನಾಪೊಲಿಸ್‌ಗೆ ಮರಳಿದರು. ಹೆಸರು ಬರುವ ಹೊತ್ತಿಗೆ ಹೆಸರನ್ನು ಬಿಟ್ಟು ಮನೆಗೆ ಬಂದವರನ್ನು ಲೋಕ ಹೆಚ್ಚಾಗಿ ಮರೆತುಬಿಡುತ್ತದೆ. ಇವರನ್ನೂ ಮರೆಯಿತು. 1957ರಲ್ಲಿ ಅಣ್ಣತಮ್ಮಂದಿರು ಪಶ್ಚಿಮ ಕರಾವಳಿಗೆ ಹೋಗಿ ಸ್ವಂತ ತಂಡ ಕಟ್ಟಿಕೊಂಡಾಗಲೂ ಇವರು ಸಂಸಾರದ ಜೊತೆ ಊರಲ್ಲೇ ಉಳಿದರು.

ಆ ವರ್ಷಗಳ ಅವರ ದಿನಚರಿಯನ್ನು ಕೇಳಿ. ಬೆಳಿಗ್ಗೆ 7ರಿಂದ ಮಧ್ಯಾಹ್ನ 3ರವರೆಗೆ ಕಾರ್ಖಾನೆ. ರಾತ್ರಿ 9ರಿಂದ 2ರವರೆಗೆ ಒಂದು ಕ್ಲಬ್. 2.30ರಿಂದ ನಸುಕಿನ 5ರವರೆಗೆ ಮಿಸೈಲ್ ರೂಮ್ ಎಂಬ ಇನ್ನೊಂದು ಕ್ಲಬ್. ಮತ್ತೆ 7ಕ್ಕೆ ಕಾರ್ಖಾನೆ. ಮನೆತುಂಬ ಮಕ್ಕಳಿದ್ದರು, ಅವರ ಊಟಬಟ್ಟೆಗಾಗಿ ಈ ದುಡಿಮೆ.

ಪ್ರಿಯ ಓದುಗರೇ, ಇಂಥ ದಿನಚರಿಯನ್ನು ತ್ಯಾಗವೆಂದು ಹೊಗಳಿ ಮುಂದೆ ಹೋಗುವುದು ಸುಲಭ, ನಮ್ಮ ಪ್ರಬೋಧನೆಗಳಲ್ಲಿ ಹಾಗೆ ಮಾಡುವುದೂ ಉಂಟು. ನನಗೆ ಅಷ್ಟು ಸುಲಭವಾಗಿ ಹೊಗಳಲು ಮನಸ್ಸು ಬರುವುದಿಲ್ಲ. ಮಲಗದ ಮೈ ಲೆಕ್ಕ ಇಟ್ಟಿರುತ್ತದೆ. ನಿದ್ದೆಯ ಜಾಗದಲ್ಲಿ ಅವರು ಒಂದರ ಹಿಂದೊಂದು ಸಿಗರೇಟು ಸೇದುತ್ತಿದ್ದರು. ಒಬ್ಬ ತಂದೆ ಮೂರು ಪಾಳಿ ದುಡಿದರೂ ಸಾಲದ ಕೂಲಿಯನ್ನು ಕಪ್ಪು ಕಾರ್ಮಿಕನಿಗೆ ಕೊಡುತ್ತಿದ್ದ ಸಮಾಜವನ್ನೂ ಇಲ್ಲಿ ಮರೆಯುವಂತಿಲ್ಲ. ಆದರೂ ಒಂದು ಮಾತು ಹೇಳಬೇಕು. ನಮ್ಮ ವಿಮೋಚಕರ ಸುಮಾರು ಮೂವತ್ತು ವರ್ಷಗಳು ನಜರೇತಿನಲ್ಲಿ, ಒಬ್ಬ ಬಡಗಿಯ ಮನೆಯಲ್ಲಿ, ಯಾರ ಕಣ್ಣಿಗೂ ಬೀಳದೆ ಕಳೆದವು. ಶುಭಸಂದೇಶಗಳು ಆ ವರ್ಷಗಳ ಬಗ್ಗೆ ಬಹುತೇಕ ಮೌನ. ವೆಸ್ ಅವರ ನಾದ ಹಣ್ಣಾದದ್ದೂ ಇಂಥ ಮರೆಯಲ್ಲೇ. ಆ ಹೆಬ್ಬೆರಳಿನ ಬೆಲೆ ಊರಿನವರಿಗಷ್ಟೇ ಗೊತ್ತಿತ್ತು.

1959ರಲ್ಲಿ ಕ್ಯಾನನ್‌ಬಾಲ್ ಆ್ಯಡರ್ಲಿ ಎಂಬ ಹೆಸರಾಂತ ಸ್ಯಾಕ್ಸಫೋನ್ ವಾದಕರು ಊರಿಗೆ ಬಂದವರು ಮಿಸೈಲ್ ರೂಮಿನಲ್ಲಿ ಇವರನ್ನು ಕೇಳಿದರು. ಕೇಳಿದ ಬೆನ್ನಿಗೆ ನ್ಯೂಯಾರ್ಕಿನ ರಿವರ್‌ಸೈಡ್ ರೆಕಾರ್ಡ್ಸ್ ಸಂಸ್ಥೆಯ ಓರಿನ್ ಕೀಪ್‌ನ್ಯೂಸ್ ಅವರಿಗೆ ಫೋನ್ ಮಾಡಿದರು. ಕೀಪ್‌ನ್ಯೂಸ್ ಸ್ವತಃ ಬಂದು, ರಾತ್ರಿಯಿಡೀ ಕೇಳಿ, ಒಪ್ಪಂದ ಮಾಡಿಕೊಂಡರು. ತಾನೂ ವಾದಕನಾಗಿದ್ದು, ಇನ್ನೊಬ್ಬ ವಾದಕನಿಗಾಗಿ ಫೋನ್ ಎತ್ತಿದ ಆ್ಯಡರ್ಲಿ ನನಗೆ ಬಹಳ ಇಷ್ಟವಾಗುತ್ತಾರೆ. ಆಗ ವೆಸ್ ಅವರಿಗೆ ಮೂವತ್ತಾರು ವರ್ಷ. ಅದೇ ಅಕ್ಟೋಬರಿನಲ್ಲಿ ರಿವರ್‌ಸೈಡಿಗೆ ಮೊದಲ ಧ್ವನಿಮುದ್ರಣವಾಯಿತು. 1960ರ ಜನವರಿಯಲ್ಲಿ ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್ ಆಫ್ ವೆಸ್ ಮಾಂಟ್‌ಗೊಮರಿ ಎಂಬುದು. ಪಿಯಾನೋದಲ್ಲಿ ಟಾಮಿ ಫ್ಲಾನಗನ್ ಇದ್ದ ಆ ಮುದ್ರಣ ಗಿಟಾರ್ ಲೋಕವನ್ನು ಅಲುಗಾಡಿಸಿತು. ಆ ವರ್ಷ ಡೌನ್‌ಬೀಟ್ ಪತ್ರಿಕೆಯ ವಿಮರ್ಶಕರು ಅವರನ್ನು ಹೊಸ ತಾರೆಯೆಂದು ಆರಿಸಿದರು. ಎಲ್ಲೆಡೆ ಗಿಟಾರ್ ಕಲಿಯುವ ಹುಡುಗರು ಪಿಕ್ಕನ್ನು ಕೆಳಗಿಟ್ಟು ಹೆಬ್ಬೆರಳು ಸವೆಸತೊಡಗಿದರು. ವೆಸ್ ಮಾತ್ರ ತನಗೆ ಓದಲು ಬಾರದೆಂದು, ಹಿಂದೆ ಇದಕ್ಕಿಂತ ಚೆನ್ನಾಗಿ ನುಡಿಸುತ್ತಿದ್ದೆನೆಂದು ಸಂಕೋಚದಿಂದ ಹೇಳಿಕೊಳ್ಳುತ್ತಲೇ ಇದ್ದರು.

1964ರಲ್ಲಿ ರಿವರ್‌ಸೈಡ್ ದಿವಾಳಿಯಾಯಿತು. ಮುಂದೆ ವರ್ವ್, ಆಮೇಲೆ ಎ ಆ್ಯಂಡ್ ಎಂ ಸಂಸ್ಥೆಗಳಿಗೆ, ಕ್ರೀಡ್ ಟೇಲರ್ ಎಂಬ ನಿರ್ಮಾಪಕರ ಕೈಕೆಳಗೆ, ಜನಪ್ರಿಯ ಹಾಡುಗಳ ಮಟ್ಟನ್ನು ದೊಡ್ಡ ವಾದ್ಯಮೇಳದ ಮುಂದೆ ಆಕ್ಟೇವ್‌ಗಳಲ್ಲಿ ನುಡಿಸತೊಡಗಿದರು. ಗೋಯಿಂಗ್ ಔಟ್ ಆಫ್ ಮೈ ಹೆಡ್ ಅವರಿಗೆ ಗ್ರ್ಯಾಮಿ ಪ್ರಶಸ್ತಿ ತಂದಿತು. 1967ರ ಎ ಡೇ ಇನ್ ದಿ ಲೈಫ್ ಜಾಝಿನವರು ಕನಸಿನಲ್ಲೂ ಕಾಣದಷ್ಟು ಮಾರಾಟವಾಯಿತು. ವಿಮರ್ಶಕರು ಮುಖ ಸಿಂಡರಿಸಿದರು: ಮನೋಧರ್ಮ ಹೋಯಿತು, ಕಾಸಿಗಾಗಿ ನಾದವನ್ನು ಮಾರಿಕೊಂಡರು ಎಂದು. ಆ ತಟ್ಟೆಗಳಲ್ಲಿ ಹಳೆಯ ಸಾಹಸ ಕಡಿಮೆ ಎಂಬುದು ನಿಜ, ಅದನ್ನು ನಾನೂ ಮುಚ್ಚಿಡುವುದಿಲ್ಲ. ಆದರೆ ಮೂರು ಪಾಳಿ ದುಡಿದ ತಂದೆಗೆ ಒಂದೇ ಪಾಳಿಯಲ್ಲಿ ಮನೆ ನಡೆಸುವ ಅವಕಾಶ ಸಿಕ್ಕಿದ್ದನ್ನು, ಹಸಿವು ಕಾಣದ ವಿಮರ್ಶಕನ ಕುರ್ಚಿಯಲ್ಲಿ ಕುಳಿತು ಖಂಡಿಸಲು ನನಗೆ ಬಾಯಿ ಬರದು. ವೇದಿಕೆಯಲ್ಲಿ ಅವರು ಹಳೆಯ ವೆಸ್ ಆಗಿಯೇ ಉಳಿದರು. 1965ರಲ್ಲಿ ನ್ಯೂಯಾರ್ಕಿನ ಹಾಫ್ ನೋಟ್ ಕ್ಲಬ್ಬಿನಲ್ಲಿ ವಿಂಟನ್ ಕೆಲಿಯವರ ಜೊತೆ ನುಡಿಸಿದ್ದನ್ನು ಕೇಳಿದರೆ ಸಂದೇಹ ಉಳಿಯದು.

ಹಣ ಬಂತು, ಹೆಸರು ಬಂತು. ಆಯುಷ್ಯ ಮಾತ್ರ ಆಗಲೇ ಖರ್ಚಾಗಿತ್ತು. 1968ರ ಜೂನ್ 15ರ ಬೆಳಿಗ್ಗೆ ಇಂಡಿಯಾನಾಪೊಲಿಸಿನ ಮನೆಯಲ್ಲಿ ಎದ್ದವರು, ಮೈ ಯಾಕೋ ಸರಿಯಿಲ್ಲವೆಂದು ಹೆಂಡತಿಗೆ ಹೇಳಿದರು. ಕೆಲವೇ ನಿಮಿಷಗಳಲ್ಲಿ ಹೃದಯಾಘಾತದಿಂದ ಕುಸಿದು ತೀರಿಕೊಂಡರು. ವಯಸ್ಸು ನಲವತ್ತೈದು. ಈ ಸಾಲನ್ನು ಬರೆಯುವ ನನ್ನ ವಯಸ್ಸೂ ಅದರ ಆಸುಪಾಸಿನದೇ. ಸೆರೀನ್ ಮತ್ತು ಮಕ್ಕಳು ಉಳಿದರು. ಇಂದು ಆ ನಗರದಲ್ಲಿ ಅವರ ಹೆಸರಿನ ಒಂದು ಉದ್ಯಾನವಿದೆ.

1965ರಲ್ಲಿ ಅವರು ಯೂರೋಪಿನಲ್ಲಿ ಪ್ರವಾಸ ಮಾಡಿದಾಗ ಅಲ್ಲಿನ ದೂರದರ್ಶನಗಳು ಚಿತ್ರಿಸಿಕೊಂಡ ಕಪ್ಪುಬಿಳುಪು ಸುರುಳಿಗಳು ಉಳಿದಿವೆ. ಕೋಟು ಟೈ ಧರಿಸಿದ ಸಭ್ಯ ಗೃಹಸ್ಥರೊಬ್ಬರು ಗಿಟಾರ್ ಹಿಡಿದು, ಜೊತೆಯವರತ್ತ ನೋಡಿ ಮಗುವಿನಂತೆ ನಗುತ್ತಾರೆ. ಕ್ಯಾಮೆರಾ ಮೆಲ್ಲಗೆ ಬಲಗೈಯ ಹತ್ತಿರ ಸರಿಯುತ್ತದೆ. ನಾಲ್ಕು ಬೆರಳುಗಳು ವಾದ್ಯದ ಮೈಮೇಲೆ ಹರಡಿ ನಿಂತಿವೆ. ಹೆಬ್ಬೆರಳೊಂದೇ ಕೆಳಗೆ, ಮತ್ತೆ ಕೆಳಗೆ, ಮತ್ತೆ ಕೆಳಗೆ. ನಿಮ್ಮ ಮಕ್ಕಳಿಗೆ ಅದನ್ನು ಹುಡುಕಿ ತೋರಿಸಲು ಹೇಳಿ. ರಾತ್ರಿ ನೋಡುವುದಾದರೆ ಸದ್ದು ತಗ್ಗಿಸಿಕೊಂಡು ನೋಡಿ, ಪಕ್ಕದ ಮನೆಯವರು ಮಲಗಿರುತ್ತಾರೆ.